ಭಾವ ವಿಮಾನ ಕೊಂಡರು

ನನ್ನ ಭಾವನಂಥ ಭಾವ ನಿಮಗೆ ಸಿಗದಿರಲಿ ಎಂದು ಮೊದಲೇ ಹಾರೈಸಿಬಿಡುತ್ತೇನೆ. ಹ್ಯಾಮಿಲ್ಟನ್ನಿನ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು ಅವರು. ಮದ್ದು ಯಾಕೆ ದಂಡ, ಇವರು ಎರಡು ಮಾತಾಡಿದರೆ ಸಾಲದೇ ಎಂದು ಅಲ್ಲೇ ನರ್ಸ್ ಆಗಿರುವ ನನ್ನ ಅಕ್ಕನೇ ಕೇಳುತ್ತಾಳೆ! ಒಂದು ಜೊತೆ ಚಪ್ಪಲಿ ಕೊಳ್ಳಲು ಊರಿನ ಅಂಗಡಿಗಳನ್ನೆಲ್ಲ ಸುತ್ತಿ, ಬರಿಗೈಯಲ್ಲಿ ಮನೆಗೆ ಬರುವ ಮನುಷ್ಯ. ಅಂಥವರು ಕ್ಲಬ್ಬಿನಲ್ಲಿ ವಿಮಾನ ಹಾರಿಸಲು ಕಲಿತು, ಸ್ವಂತದ್ದೊಂದು ಕೊಳ್ಳಲು ಹೊರಟರೆ ಏನಾಗಬೇಡ?

ಅದೂ ವಿಮಾನ ನಿಲ್ದಾಣದಲ್ಲಿ ಇಳಿಯುವ ಮರ್ಯಾದಸ್ಥ ವಿಮಾನವಲ್ಲ. ನದಿಯ ಕಲ್ಲುಗಳ ಮೇಲೆ, ಗುಡ್ಡದ ಹುಲ್ಲಿನ ಮೇಲೆ, ರಸ್ತೆಯೇ ಇಲ್ಲದ ಕಡೆ ಇಳಿಯುವಂಥದ್ದು! ಶನಿವಾರ ಬಂತೆಂದರೆ ಅವರ ಊರಿಂದ ಒಂದೂವರೆ ಗಂಟೆ ದೂರದ ಮೌಂಟ್ ರಾಸ್ಕಿಲ್‌ನ ನನ್ನ ಮನೆಯ ಮುಂದೆ ಅವರ ಯೂಟ್ ಎಂಬ ಪಿಕಪ್ ಗಾಡಿ ಹಾರ್ನ್ ಹೊಡೆಯುತ್ತಿತ್ತು.

ಮೊದಲು ನೋಡಿದ ವಿಮಾನಕ್ಕೆ ಪುಟ್ಟ ಚಕ್ರ ಬಾಲದ ಕೆಳಗಿತ್ತು. ಮೂತಿ ಆಕಾಶ ನೋಡುತ್ತಿತ್ತು. ಒರಟು ನೆಲಕ್ಕೆ ಇಂಥದ್ದೇ ಸರಿ ಎಂದ ಮಾಲೀಕ. ಭಾವ ಹತ್ತಿ ಕೂತರು.

"ಮುಂದೆ ಏನೂ ಕಾಣ್ತಿಲ್ವಲ್ಲಯ್ಯ!"

"ಓಡೋಕೆ ಶುರುವಾದ್ಮೇಲೆ ಬಾಲ ಏಳುತ್ತಂತೆ, ಆಗ ಕಾಣುತ್ತಂತೆ ಭಾವ."

"ಅಲ್ಲೀವರೆಗೂ ದೇವರು ನೋಡ್ಕೊಳ್ತಾನಾ?"

ಎರಡನೆಯದಕ್ಕೆ ಚಕ್ರ ಮೂತಿಯ ಕೆಳಗೆ. ಮುಂದೆ ಎಲ್ಲ ಚೆನ್ನಾಗಿ ಕಾಣುತ್ತಿತ್ತು. ಕಲ್ಲಿಗೆ ಬಡಿದು ಚಕ್ರ ಮುರಿಯುವುದೂ ಚೆನ್ನಾಗಿಯೇ ಕಾಣುತ್ತದೆ ಎಂದು ಅದನ್ನೂ ಬಿಟ್ಟರು. ರೆಕ್ಕೆ ಕೆಳಗಿದ್ದರೆ ಬೇಲಿಗೆ ತಾಗುತ್ತದೆ. ಮೇಲಿದ್ದದ್ದು ಅವರ ಹಣೆಗೇ ತಾಗಿತು. ನಾಲ್ಕು ಸೀಟಿನದೊಂದು ಇನ್ನೇನು ಒಪ್ಪಿಗೆಯಾಯಿತು ಎನ್ನುವಾಗ ನನ್ನ ಕಡೆ ತಿರುಗಿ ನೋಡಿದರು. "ಬೇಡಪ್ಪ. ಜಾಸ್ತಿ ಸೀಟಿದ್ರೆ ನೆಂಟ್ರು ಹತ್ತಿಬಿಡ್ತಾರೆ!"

ನನ್ನ ಶನಿವಾರಗಳು ಹೀಗೆ ಮಣ್ಣುಪಾಲಾದವು. ನಾನು ಆಸೆ ಬಿಟ್ಟೆ. ಅಕ್ಕ ಎಂದೋ ಬಿಟ್ಟಿದ್ದಳು.

"ಅಲ್ಲಾ ರೀ, ನನ್ನನ್ನ ಹೆಂಗೆ ಒಪ್ಕೊಂಡ್ರಿ ನೀವು?"

"ನಾನೆಲ್ಲಿ? ನಮ್ಮಪ್ಪ ಒಪ್ಕೊಂಡಿದ್ದು ಕಣೇ!"

ಕೊನೆಗೂ ಒಂದನ್ನು ಕೊಂಡರು. ಪಕ್ಕಪಕ್ಕದಲ್ಲಿ ಎರಡು ಸೀಟು, ದಪ್ಪ ಟೈರು, ಬಾಲದಲ್ಲಿ ಚಕ್ರ. ಎಲ್ಲಕ್ಕಿಂತ ಮೊದಲು ನೋಡಿ ಬೇಡವೆಂದದ್ದರ ತದ್ರೂಪು! ನಾನು ಅಳಲೋ ನಗಲೋ?

ನಗು ಹೆಚ್ಚು ದಿನ ಉಳಿಯಲಿಲ್ಲ. ಪೈಲಟ್‌ಗಳಿಗೆ ಆಗಾಗ ಮಾಡುವ ವೈದ್ಯಕೀಯ ತಪಾಸಣೆಯಲ್ಲಿ ಭಾವನ ಹೃದಯದ ಬಡಿತ ತಾಳ ತಪ್ಪಿರುವುದು ಗೊತ್ತಾಯಿತು. ಪ್ರಯಾಣಿಕರಾಗಿ ಹೋಗಬಹುದು, ಹಾರಿಸುವಂತಿಲ್ಲ. ಭಾವ ವಿಮಾನಕ್ಕೆ ಟಾರ್ಪಾಲು ಹೊದಿಸಿದರು. ಮನೆಯಲ್ಲಿ ಮಾತೇ ನಿಂತುಹೋಯಿತು. ಎಷ್ಟೋ ವರ್ಷ ನಾವು ಬೇಡಿಕೊಂಡ ಮೌನ ಕೊನೆಗೂ ಬಂದಿತ್ತು. ಬಂದರೆ ಇಷ್ಟು ಭಯವಾಗುತ್ತದೆಂದು ಯಾರಿಗೆ ಗೊತ್ತಿತ್ತು?

ಒಂದು ದಿನ ಊಟದ ನಡುವೆ ಅಕ್ಕ ಎಂದಳು, "ನಾನು ಕಲೀತೀನಿ."

ಭಾವ ತಲೆಯೆತ್ತಿದರು. "ನಿಂಗೆ ರಿವರ್ಸ್ ಪಾರ್ಕಿಂಗೇ ಬರಲ್ಲ!"

"ಆಕಾಶದಲ್ಲಿ ರಿವರ್ಸ್ ಎಲ್ಲಿ ಹಾಕ್ತಾರೆ ರೀ?"

ಏಣಿ ಹತ್ತಿದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ ನನ್ನ ಅಕ್ಕ! ಮೊದಮೊದಲ ಪಾಠಗಳಲ್ಲಿ ವಾಂತಿ ಮಾಡಿಕೊಂಡಳು, ಒಂದು ಪರೀಕ್ಷೆಯಲ್ಲಿ ಫೇಲಾದಳು, ಮತ್ತೆ ಬರೆದಳು. ಲೈಸೆನ್ಸ್ ಸಿಕ್ಕಿತು. ಆಮೇಲೂ ಎಷ್ಟೋ ದಿನ ಗುರುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಗುಡ್ಡಗಳಲ್ಲಿ ಇಳಿಯುವುದನ್ನು ಕಲಿತಳು.

ಭಾವನನ್ನು ಮೊದಲ ಸಲ ಕರೆದುಕೊಂಡು ಅವಳು ಇಳಿಯಬೇಕಿದ್ದದ್ದು ಒಂದು ಫಾರ್ಮಿನ ಗುಡ್ಡದ ಮೇಲಿನ ಹುಲ್ಲಿನ ಪಟ್ಟಿಯಲ್ಲಿ. ಕುರಿಗಳನ್ನು ಓಡಿಸಿ ನಾನು ಬುತ್ತಿ ಹಿಡಿದು ಕಾದು ನಿಂತಿದ್ದೆ. ವಿಮಾನ ಕಣಿವೆಯಿಂದ ಮೇಲೆದ್ದು ಬಂತು. ನೆಲ ಮುಟ್ಟಿ ಎಗರಿತು, ಮತ್ತೆ ಎಗರಿತು, ನನ್ನ ಜೀವ ಬಾಯಿಗೆ ಬಂದ ಮೇಲೆ ನಿಂತಿತು.

ಇಬ್ಬರೂ ಇಳಿಯಲಿಲ್ಲ. ಗಾಬರಿಯಿಂದ ಓಡಿದೆ.

ಗಾಜಿನ ಆಚೆ ಭಾವ ಗುಡ್ಡಗಳನ್ನು ನೋಡುತ್ತ ಕೂತಿದ್ದರು, ಕೆನ್ನೆ ಒದ್ದೆಯಾಗಿತ್ತು. ಅಕ್ಕ ಅವರ ಮಣಿಕಟ್ಟು ಹಿಡಿದಿದ್ದಳು. ನಾಡಿ ನೋಡುತ್ತಿದ್ದಳೋ, ಸುಮ್ಮನೆ ಕೈ ಹಿಡಿದಿದ್ದಳೋ. ನಾನು ಬಾಗಿಲು ತೆಗೆಯಲಿಲ್ಲ.