ಗಣಿತ ಕಳವಾಗಿದೆ, ಬರ್ಕೊಳ್ಳಿ!

ನಮ್ಮತ್ತೆ ಈ ಮಂಗಳೂರಿನಲ್ಲಿ ಇದುವರೆಗೆ ಯಾರೊಂದಿಗೂ ಜಗಳವಾಡಿದವರಲ್ಲ. ಜಗಳ ಶುರುವಾಗುವ ಮೊದಲೇ ನೋಟೀಸು ಕೊಟ್ಟುಬಿಡುತ್ತಾರೆ!

ಅತ್ತೆಯೆಂದರೆ ನನ್ನ ತಂದೆಯ ತಂಗಿ. ಮನೆ ಬಿಜೈಯಲ್ಲಿ. ಅವರ ಯಜಮಾನರು, ಅಂದರೆ ನಮ್ಮ ಮಾವ, ಹತ್ತಿರದ ದೇವಸ್ಥಾನದ ಅರ್ಚಕರು. ಮಂತ್ರ ಬಿಟ್ಟರೆ ಬೇರೆ ಮಾತಿಲ್ಲದ ಮನುಷ್ಯ. ಮಾತಿಗೆ ಮನೆಯಲ್ಲಿ ಜಾಗ ಎಲ್ಲಿದೆ ಹೇಳಿ? ಅತ್ತೆ ಒಂದು ವಿಮಾ ಕಚೇರಿಯಲ್ಲಿ ಕೆಲಸಕ್ಕಿದ್ದವರು ಸ್ವಯಂನಿವೃತ್ತಿ ತೆಗೆದುಕೊಂಡಾಗ ಕೇರಿಯ ಹೆಂಗಸರೆಲ್ಲ ಇನ್ನು ಇವರು ಭಜನಾ ಮಂಡಳಿಗೆ ಸೇರುತ್ತಾರೆಂದು ಕಾದಿದ್ದರು. ಅತ್ತೆ ಕಾನೂನು ಕಾಲೇಜಿಗೆ ಸೇರಿದರು!

ಅಲ್ಲಿ ಮೊಮ್ಮಕ್ಕಳ ಪ್ರಾಯದವರ ಜತೆ ಮುಂದಿನ ಬೆಂಚಿನಲ್ಲಿ ಕುಳಿತು ಓದಿದರು. ಒಂದು ಪರೀಕ್ಷೆಯಲ್ಲಿ ಪಾಠವೇ ಆಗದ ಭಾಗದಿಂದ ಪ್ರಶ್ನೆ ಬಂತಂತೆ. ಉಳಿದವರು ಗೊಣಗಿ ಮನೆಗೆ ಹೋದರು. ಅತ್ತೆ ಮನೆಗೆ ಹೋಗದೆ ನೇರ ಕಚೇರಿಗೆ ಹೋಗಿ ದೂರು ಬರೆದುಕೊಟ್ಟು, ದೂರು ತಲುಪಿತೆಂದು ಸೀಲು ಹಾಕಿಸಿಕೊಂಡೇ ಬಂದರು. ಕೊನೆಗೆ ಇಡೀ ತರಗತಿಗೆ ಕೃಪಾಂಕ ಸಿಕ್ಕಿತು. ಪರೀಕ್ಷೆಯಲ್ಲಿ ನಿದ್ದೆ ಹೊಡೆದವರಿಗೂ ಸಿಕ್ಕಿತು! ಹಾಗೆ ಪಾಸಾದವರು ಕೆಲವರು ಈಗ ಇಲ್ಲಿಯ ಕೋರ್ಟಿನಲ್ಲೇ ವಕೀಲರು. ಅತ್ತೆಯ ಎದುರು ಪಕ್ಷಕ್ಕೆ ವಾದಿಸಲು ನಿಂತರೂ ಮೊದಲು "ನಮಸ್ಕಾರ ಆಂಟಿ" ಎನ್ನುತ್ತಾರೆ. ಅರ್ಧ ಕೇಸು ಅಲ್ಲಿಗೇ ಗೆದ್ದ ಹಾಗಲ್ಲವೇ?

ಅತ್ತೆಗೆ ಸ್ವಂತದವರು, ಪರಕೀಯರು ಎಂಬ ಭೇದವಿಲ್ಲ. ಒಮ್ಮೆ ಮಾವ ಪೂಜೆ ಮಾಡುವ ದೇವಸ್ಥಾನದ ಧ್ವನಿವರ್ಧಕ ಜೋರಾಯಿತೆಂದು ಅದಕ್ಕೂ ಒಂದು ನೋಟೀಸು ಹೋಯಿತು. ಮಾವ ಊಟಕ್ಕೆ ಕುಳಿತವರು ಅನ್ನದ ಮೇಲಿನ ಕೈ ತೆಗೆದು ಕೇಳಿದರು.

"ಎಂತ ಮಾರಾಯ್ತಿ, ದೇವರಿಗೂ ನೋಟೀಸಾ?"

"ದೇವರಿಗಲ್ಲ, ಆಡಳಿತ ಮಂಡಳಿಗೆ. ಕಾನೂನಿನಲ್ಲಿ ದೇವರು ಮೈನರ್. ಮೈನರಿಗೆ ನೇರ ನೋಟೀಸು ಕೊಡುವ ಹಾಗಿಲ್ಲ."

ಮಾವ ಅಂದಿನಿಂದ ಅಭಿಷೇಕ ಮಾಡುವಾಗ ನೀರು ಸ್ವಲ್ಪ ಬಿಸಿ ಮಾಡಿಕೊಳ್ಳುತ್ತಾರೆಂದು ಸುದ್ದಿ. ಮಗುವಿಗೆ ಶೀತವಾಗಬಾರದಲ್ಲ!

ಇದರಲ್ಲೆಲ್ಲ ನನ್ನ ಪಾತ್ರವೇನೆಂದು ಕೇಳಿದಿರಾ? ನಾನು ಸ್ಕೂಟರು. ನಗರದ ಬಹುಪಾಲು ರಿಕ್ಷಾದವರ ಮೇಲೆ ದೂರುಗಳಿರುವುದರಿಂದ ಅತ್ತೆಯನ್ನು ಕೋರ್ಟಿಗೆ ಒಯ್ಯುವ ಭಾರ ನನ್ನ ಮೇಲೆ ಬಿದ್ದಿದೆ. ಹಿಂದೆ ಕೂತು ಸಿಗ್ನಲಿನಲ್ಲಿ ನನ್ನ ಮೇಲೂ ಒಂದು ಕಣ್ಣಿಟ್ಟಿರುತ್ತಾರೆ.

ಹೀಗಿರುವಾಗ ಪಕ್ಕದ ಮನೆಯ ಮುಬೀನಾಳ ಫಲಿತಾಂಶ ಬಂತು.

ಮುಬೀನಾಳ ತಂದೆಗೆ ಬಸ್ ನಿಲ್ದಾಣದ ಬಳಿ ಬಟ್ಟೆಯಂಗಡಿ. ಕೇರಿಗೆಲ್ಲ ಅವರು ಸಾಹೇಬರು. ಹುಡುಗಿ ಬಿ.ಎಸ್ಸಿ. ಕೊನೆಯ ಪರೀಕ್ಷೆ ಬರೆದು, ಮುಂದೆ ಎಂ.ಎಸ್ಸಿ.ಗೆ ಗಣಿತ ತೆಗೆದುಕೊಳ್ಳುವವಳಿದ್ದಳು. ಗಣಿತವೆಂದರೆ ಅವಳಿಗೆ ನಮಗೆಲ್ಲ ಗೋಳಿಬಜೆ ಇದ್ದ ಹಾಗೆ, ಎದುರಿಗಿಟ್ಟರೆ ಬಿಡುವುದಿಲ್ಲ! ಅಂಥವಳು ಗಣಿತದಲ್ಲೇ ಫೇಲು. ಅದೂ ಅಂಚಿನಲ್ಲಿ ಹೋದದ್ದಲ್ಲ, ನೆಲಕಚ್ಚಿದ ಫೇಲು.

ಮರು ಎಣಿಕೆಗೆ ಹಾಕಿದ್ದಾಯಿತು. "ಬದಲಾವಣೆ ಇಲ್ಲ" ಎಂದು ಉತ್ತರ ಬಂತು. ಹುಡುಗಿ ಕೋಣೆಯಿಂದ ಹೊರಗೆ ಬರುವುದನ್ನು ಬಿಟ್ಟಳು. ಸಾಹೇಬರು ಕಾಂಪೌಂಡಿನ ಗೋಡೆಯ ಹತ್ತಿರ ನಿಂತು ಅತ್ತೆಯೊಡನೆ ಹೇಳಿದರು.

"ಫೇಲಾದದ್ದಕ್ಕೆ ನನಗೆ ಬೇಜಾರಿಲ್ಲ ಅಕ್ಕ. 'ನನಗೆ ಗಣಿತ ಗೊತ್ತೇ ಇರಲಿಲ್ಲ ಕಾಣ್ತದೆ, ಇಷ್ಟು ದಿನ ನಿಮಗೆಲ್ಲ ಮೋಸ ಮಾಡಿದೆ' ಅಂತ ಹೇಳ್ತಾಳೆ. ಅದನ್ನು ಕೇಳ್ಲಿಕ್ಕೆ ಆಗುದಿಲ್ಲ."

ಅತ್ತೆ ಒಗೆದ ಬಟ್ಟೆ ಹರವುತ್ತಿದ್ದವರು ಮಾವನ ಪಂಚೆಯನ್ನು ಅರ್ಧಕ್ಕೇ ಬಿಟ್ಟು ಗೋಡೆಯ ಬಳಿ ಬಂದರು.

"ಸಾಹೇಬ್ರೇ, ಅವರು ಕೂಡಿಸಿದ್ದು ಸರಿ ಇರಬಹುದು. ಕೂಡಿಸಿದ ಪೇಪರು ಯಾರದ್ದು ಅಂತ ನೋಡಿದ್ದೀರಾ?"

ಮರುದಿನ ನನ್ನ ಸ್ಕೂಟರು ಆ ಕಾಲೇಜಿನ ಪರೀಕ್ಷಾ ವಿಭಾಗದ ಎದುರು ನಿಂತಿತ್ತು. ಮುಬೀನಾ ಮತ್ತು ಸಾಹೇಬರು ಬಸ್ಸಿನಲ್ಲಿ ಬಂದಿದ್ದರು. ಕಾಲೇಜಿನ ಹೆಸರು ಬೇಡ ಬಿಡಿ. ಸ್ವಾಯತ್ತ ಕಾಲೇಜು, ಪ್ರಶ್ನೆ ಅವರದೇ, ಪರೀಕ್ಷೆ ಅವರದೇ, ಮೌಲ್ಯಮಾಪನವೂ ಅವರದೇ. ಉತ್ತರಪತ್ರಿಕೆಯ ಪ್ರತಿ ಬೇಕೆಂದಾಗ ಅಲ್ಲಿಯ ಗುಮಾಸ್ತ ತಲೆ ಎತ್ತದೆ "ಅದು ಗೌಪ್ಯ" ಎಂದ.

"ಯಾರಿಂದ ಗೌಪ್ಯ ಮಗಾ?" ಅತ್ತೆ ಕೇಳಿದರು. ಅತ್ತೆಗೆ ಲೋಕವೆಲ್ಲ ಮಗಾ. "ಬರೆದದ್ದು ಇವಳು. ಇವಳು ಬರೆದದ್ದನ್ನು ಇವಳಿಂದಲೇ ಮುಚ್ಚಿಡುವ ಗುಟ್ಟು ಎಂತದ್ದು? ತನ್ನ ಉತ್ತರಪತ್ರಿಕೆ ನೋಡುವುದು ವಿದ್ಯಾರ್ಥಿಯ ಹಕ್ಕು. ಕೊಡುವುದಿಲ್ಲವಾದರೆ ಕೊಡುವುದಿಲ್ಲ ಅಂತ ಬರೆದು ಸಹಿ ಹಾಕಿ ಕೊಡು."

ಸಹಿ ಎಂದ ಕೂಡಲೇ ಗುಮಾಸ್ತನಿಗೆ ಪ್ರತಿ ಕೊಡುವ ನಿಯಮ ನೆನಪಾಯಿತು!

ಪ್ರತಿ ಕೈಗೆ ಬಂದಾಗ ನಾವು ಕಾಲೇಜಿನ ಮೆಟ್ಟಿಲ ಮೇಲೆಯೇ ಕೂತು ನೋಡಿದೆವು. ಮೇಲಿನ ಪುಟದಲ್ಲಿ ಮುಬೀನಾಳ ಹೆಸರು, ನಂಬರು, ಅವಳದೇ ಸಹಿ. ಒಳಗೆ ಬೇರೆ ಯಾರದೋ ದುಂಡಗಿನ, ಎಡಕ್ಕೆ ವಾಲಿದ ಅಕ್ಷರ. ಲೆಕ್ಕ ಶುರುವಾಗಿ ನಡುವೆಯೇ ನಿಂತುಹೋದ ಪುಟಗಳು. ಅಂಚಿನಲ್ಲಿ ಒಮ್ಮೆ ಬಿಚ್ಚಿ ಇನ್ನೊಮ್ಮೆ ಹೊಡೆದ ಪಿನ್ನಿನ ತೂತುಗಳು ಪ್ರತಿಯಲ್ಲೂ ಕಾಣುತ್ತಿದ್ದವು. ಯಾರೋ ಒಳಗಿನ ಹಾಳೆಗಳನ್ನೇ ಅದಲು ಬದಲು ಮಾಡಿದ್ದರು.

ಮುಬೀನಾ ಪುಟ ತಿರುವಿದಳು. ಮತ್ತೆ ತಿರುವಿದಳು. ಆಮೇಲೆ ಅತ್ತೆಯ ತೋಳು ಹಿಡಿದುಕೊಂಡು "ಇದು ನಾನಲ್ಲ ಆಂಟಿ! ಇದು ನಾನಲ್ಲ!" ಎಂದು ನಗತೊಡಗಿದಳು. ನಗುತ್ತ ನಗುತ್ತಲೇ ಅತ್ತುಬಿಟ್ಟಳು. ತನಗೆ ಅನ್ಯಾಯವಾಗಿದೆ ಎಂದು ತಿಳಿದು ಅಷ್ಟು ಸಂತೋಷಪಟ್ಟವರನ್ನು ನಾನು ಬೇರೆ ಕಂಡಿಲ್ಲ.

ಪ್ರಾಂಶುಪಾಲರು ಮಾತ್ರ ಒಪ್ಪಲಿಲ್ಲ. "ನಿಮ್ಮ ಹುಡುಗಿಯೇ ಅಕ್ಷರ ಬದಲಿಸಿ ಬರೆದಿರಬಹುದು" ಎಂದರು. "ಹೌದು, ಉತ್ತರವನ್ನೂ ಬದಲಿಸಿ ಬರೆದಿರಬಹುದು, ಫೇಲಾಗುವ ಆಸೆಯಿಂದ!" ಎಂದು ಹೇಳಿ ಅತ್ತೆ ಅಲ್ಲೇ ನೋಟೀಸು ಬರೆದು ಮೇಜಿನ ಮೇಲೆ ಇಟ್ಟರು. ಆ ಪರೀಕ್ಷೆಯ ಯಾವ ಮೂಲ ಉತ್ತರಪತ್ರಿಕೆಯನ್ನೂ ನಾಶ ಮಾಡಬಾರದು, ಪರೀಕ್ಷಾ ವಿಭಾಗದ ಕ್ಯಾಮೆರಾದ ದೃಶ್ಯಗಳನ್ನು ಅಳಿಸಬಾರದು ಎಂದು. ಹೊರಗೆ ಬಂದು ನನಗೆ ವಿವರಿಸಿದರು. "ಸ್ವಲ್ಪ ಸಮಯ ಕಳೆದ ಮೇಲೆ ಹಳೇ ಪೇಪರನ್ನೆಲ್ಲ ರದ್ದಿಗೆ ಹಾಕ್ತಾರೆ. ಮೂಲ ಪ್ರತಿ ಹೋದರೆ ಕೇಸೂ ರದ್ದಿಗೆ ಹೋದ ಹಾಗೆ. ಮೊದಲು ಅದನ್ನು ಉಳಿಸಬೇಕು, ಕೂಗಾಟ ಆಮೇಲೆ."

ಅಲ್ಲಿಂದ ನೇರ ಪೊಲೀಸ್ ಠಾಣೆಗೆ. ಮೇಜಿನ ಹಿಂದಿದ್ದವರು ಪೆನ್ನು ತೆಗೆದು, ಕಳವಿನ ದೂರೋ ಎಂದು ಕೇಳಿದರು.

"ಹೌದು" ಎಂದರು ಅತ್ತೆ.

"ಎಂತ ಹೋದದ್ದು?"

"ಗಣಿತ."

"ಎಂತ?"

"ಗಣಿತ ಕಳವಾಗಿದೆ, ಬರ್ಕೊಳ್ಳಿ!"

ಅವರು ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ನಕ್ಷೆ ನೋಡಿದೆ. ಕೊನೆಗೆ ಅತ್ತೆ ಮೇಲಿನ ಪುಟದ ಮತ್ತು ಒಳಗಿನ ಪುಟಗಳ ಬರವಣಿಗೆಯನ್ನು ಅಕ್ಕಪಕ್ಕ ಇಟ್ಟು, ಇದು ದಾಖಲೆ ತಿದ್ದಿದ ಅಪರಾಧವೆಂದು ವಿವರಿಸಿದ ಮೇಲೆ ಅವರು ಗಂಭೀರವಾಗಿ ದೂರು ಬರೆದುಕೊಂಡರು. ನಾವು ಹೊರಡುವಾಗ "ನನ್ನದೂ ಎಸ್ಸೆಸ್ಸೆಲ್ಸಿಯಲ್ಲಿ ಹೀಗೇ ಆಗಿರಬೇಕಮ್ಮ" ಎಂದು ಮೆಲ್ಲ ಹೇಳಿದರು.

ಆದರೆ ಪೊಲೀಸ್ ತನಿಖೆಗೆ ಅದರದೇ ನಡಿಗೆ. ಎಂ.ಎಸ್ಸಿ. ಪ್ರವೇಶದ ಕೊನೆಯ ದಿನ ಹತ್ತಿರ ಬರುತ್ತಿತ್ತು. ಸೀಟು ತಪ್ಪಿದ ಮೇಲೆ ನ್ಯಾಯ ಸಿಕ್ಕಿ ಏನು ಪ್ರಯೋಜನ? ಅದಕ್ಕೆ ಇರುವ ದಾರಿ ಹೈಕೋರ್ಟಿನಲ್ಲಿ ರಿಟ್ ಅರ್ಜಿ. ಅದು ಬೆಂಗಳೂರಿನಲ್ಲಿ. ಅತ್ತೆ ಅಲ್ಲಿ ಈವರೆಗೆ ಒಮ್ಮೆಯೂ ವಾದಿಸಿದವರಲ್ಲ. ಬೆಳಗಿನ ಬಸ್ಸಿನಲ್ಲಿ ಅತ್ತೆ, ಮುಬೀನಾ, ನಾನು ಮೂವರೂ ಹೊರಟೆವು. ಬಸ್ಸು ಘಾಟಿಯಲ್ಲಿ ಲಾರಿಗಳ ಹಿಂದೆ ಸಿಕ್ಕಿಬಿದ್ದಾಗ ಅತ್ತೆ ಎದ್ದು ನಿಂತು, ಸೀಟಿನ ಕಂಬಿ ಹಿಡಿದು, ವಾದದ ಅಭ್ಯಾಸ ಶುರುಮಾಡಿದರು. ಮೊದಲು ಮುಬೀನಾಳಿಗೆ ನಾಚಿಕೆಯಾಯಿತು. ಆಮೇಲೆ ಹಿಂದಿನ ಸೀಟಿನವರೂ ಮುಂದೆ ಬಗ್ಗಿ ಕೇಳತೊಡಗಿದರು. ಯಾರೋ ಕಾಲೇಜಿನ ಪರವಾಗಿ ಒಂದು ಪ್ರಶ್ನೆ ಹಾಕಿ ಬೈಸಿಕೊಂಡರು! ಕೊನೆಗೆ ಕಿಟಕಿ ಪಕ್ಕದ ಅಜ್ಜರೊಬ್ಬರು ಮಫ್ಲರ್ ಸರಿಸಿ ಹೇಳಿದರು.

"ಹುಡುಗಿಗೆ ಸೀಟು ಕೊಡಿ ಅಂತ ಆರ್ಡರ್ ಮಾಡಿದ್ದೇನಮ್ಮ. ಇನ್ನು ಸ್ವಲ್ಪ ನಿದ್ದೆ ಮಾಡ್ಲಿಕ್ಕೆ ಬಿಡಿ."

ಹೈಕೋರ್ಟಿನಲ್ಲಿ ಅಷ್ಟು ಸುಲಭವಿರಲಿಲ್ಲ. ಖಾಸಗಿ ಕಾಲೇಜಿನ ಮೇಲೆ ರಿಟ್ ಅರ್ಜಿ ಹೇಗೆ ನಿಲ್ಲುತ್ತದೆ ಎಂದು ನ್ಯಾಯಾಧೀಶರು ಮೊದಲೇ ಕೇಳಿದರು. ಪರೀಕ್ಷೆ ನಡೆಸಿ ಪದವಿಗೆ ಅಂಕ ಕೊಡುವುದು ಸಾರ್ವಜನಿಕ ಕರ್ತವ್ಯವೆಂದು ಅತ್ತೆ ಉತ್ತರಿಸಿದರು. ಧ್ವನಿ ನಡುಗುತ್ತಿತ್ತು. ನಮ್ಮತ್ತೆಯ ಧ್ವನಿ ನಡುಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನ್ಯಾಯಾಧೀಶರು ಉತ್ತರಪತ್ರಿಕೆಯ ಪ್ರತಿಯನ್ನು ತಿರುವುತ್ತ ಎಲ್ಲಿ ವ್ಯತ್ಯಾಸವೆಂದು ಹುಡುಕುತ್ತಿದ್ದರು. ಅತ್ತೆ ತಡೆಯಲಾರದೆ "ಆಚೆ ಪುಟ ನೋಡು ಮಗಾ" ಎಂದುಬಿಟ್ಟರು!

ಅಲ್ಲಿದ್ದ ವಕೀಲರೆಲ್ಲ ತಿರುಗಿ ನೋಡಿದರು. ಅತ್ತೆ ನಾಲಿಗೆ ಕಚ್ಚಿಕೊಂಡರು. ನ್ಯಾಯಾಧೀಶರು ಕನ್ನಡಕದ ಮೇಲಿಂದ ಒಮ್ಮೆ ನೋಡಿ, ನಗುತ್ತ ಆಚೆ ಪುಟ ತಿರುವಿದರು. ನೋಡಿದರು. ಮತ್ತೆ ಮೇಲಿನ ಪುಟದ ಸಹಿ ನೋಡಿದರು. ಅವರ ಮುಖದ ನಗು ಮಾಯವಾಯಿತು.

ಮೂಲ ಉತ್ತರಪತ್ರಿಕೆಗಳನ್ನೆಲ್ಲ ಮೊಹರು ಮಾಡಿ ತರಬೇಕು, ಅಲ್ಲಿಯವರೆಗೆ ಹುಡುಗಿಗೆ ಎಂ.ಎಸ್ಸಿ.ಗೆ ತಾತ್ಕಾಲಿಕ ಪ್ರವೇಶ ಕೊಡಬೇಕು ಎಂದು ಮಧ್ಯಂತರ ಆದೇಶವಾಯಿತು.

ಮೊಹರು ಒಡೆದಾಗ ನಿಜ ಹೊರಬಂತು. ಮುಬೀನಾಳ ಹಾಳೆಗಳು ಅದೇ ಕಾಲೇಜಿನ ಇನ್ನೊಬ್ಬ ಹುಡುಗಿಯ ಹೆಸರಿನ ಕೆಳಗಿದ್ದವು. ಆ ಹುಡುಗಿಯ ಸೋದರಮಾವ ಪರೀಕ್ಷಾ ವಿಭಾಗದ ನೌಕರ. ಸೋದರ ಸೊಸೆ ಫೇಲಾಗುತ್ತಾಳೆಂದು ಹೆದರಿ ತಾನೇ ಬದಲಾಯಿಸಿದ್ದಾಗಿ, ಅವಳಿಗಿದು ಗೊತ್ತಿಲ್ಲವೆಂದು ಆತ ಒಪ್ಪಿಕೊಂಡ. ಕೋರ್ಟು ಮುಬೀನಾಳ ನಿಜವಾದ ಹಾಳೆಗಳನ್ನು ಹೊರಗಿನವರಿಂದ ಮೌಲ್ಯಮಾಪನ ಮಾಡಿಸಿತು. ಅಂಕಗಳು ಎಷ್ಟು ಬಂದವೆಂದರೆ ಸಾಹೇಬರು ಅಂಕಪಟ್ಟಿಯನ್ನು ಅಂಗಡಿಯಲ್ಲಿ ಸೀರೆಗಳ ನಡುವೆ ತೂಗುಹಾಕಿದರು. ಕೊಳ್ಳಲು ಬಂದವರು ಅದರ ಬೆಲೆಯನ್ನೂ ಕೇಳುತ್ತಿದ್ದರಂತೆ!

ಅಂಕಪಟ್ಟಿ ಬಂದ ಸಂಜೆ ಅತ್ತೆಯ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ಮಾವ ಪಂಚಕಜ್ಜಾಯ ಹಂಚಿದರು, ಸಾಹೇಬರ ಮನೆಯಿಂದ ಹಲ್ವಾ ಬಂತು. ಅತ್ತೆ ಮಾತ್ರ ಹಲ್ವಾವನ್ನು ಕೈಯಲ್ಲೇ ಹಿಡಿದು ಕೂತಿದ್ದರು.

"ಆ ಇನ್ನೊಬ್ಬಳು ಈಗ ಎಂತ ಮಾಡ್ತಾಳೆ?" ಎಂದು ಕೇಳಿದರು.

ಮುಬೀನಾ ತಗ್ಗಿದ ಧ್ವನಿಯಲ್ಲಿ ಹೇಳಿದಳು. "ಅವಳು ಇನ್ನು ಪರೀಕ್ಷೆಗೆ ಕೂತುಕೊಳ್ಳುವ ಹಾಗಿಲ್ಲ ಅಂತ ಕಾಲೇಜಿನವರು ಮಾಡಿದ್ದಾರಂತೆ ಆಂಟಿ. ಫೋನೂ ತೆಗೆಯುದಿಲ್ಲ. ಕ್ಲಾಸಿನ ಗ್ರೂಪಿನಲ್ಲಿ ಎಲ್ಲರೂ ಕಳ್ಳಿ ಅಂತಾರೆ."

"ಅವಳನ್ನು ಕರೆಸಿ ಕೇಳಿದ್ದಾರಾ?"

"ಇಲ್ಲ."

ಮರುದಿನ ನಾವು ವಾಮಂಜೂರಿಗೆ, ಆ ಹುಡುಗಿಯ ಮನೆಗೆ ಹೋದೆವು. ಅತ್ತೆ ನನ್ನ ಸ್ಕೂಟರಿನಲ್ಲಿ, ಮುಬೀನಾ ತನ್ನ ಸ್ಕೂಟಿಯಲ್ಲಿ. ಗದ್ದೆಯ ಬದಿಯ ಸಣ್ಣ ಮನೆ. ಬಾಗಿಲು ತೆರೆದ ತಾಯಿ ನಮ್ಮನ್ನು ಗುರುತಿಸಿ ಅಲ್ಲೇ ನಿಂತರು. "ಇನ್ನು ಎಂತ ಉಂಟು ನಮ್ಮ ಹತ್ರ, ತಕೊಂಡು ಹೋಗ್ಲಿಕ್ಕೆ?" ಎಂದರು. ಅತ್ತೆ ಜಗಲಿಯ ಮೆಟ್ಟಿಲ ಮೇಲೆ ಕೂತರು. ಕುಡಿಯಲು ನೀರು ಕೇಳಿದರು. ನೀರು ತಂದವಳು ಆ ಹುಡುಗಿ. ಕಣ್ಣು ಊದಿತ್ತು.

"ನಾನು ಮುಬೀನಾಳ ವಕೀಲಳು, ನಿನ್ನ ಕೇಸು ಹಿಡಿಯುವ ಹಾಗಿಲ್ಲ" ಎಂದರು ಅತ್ತೆ. "ಒಳ್ಳೆಯವರೊಬ್ಬರನ್ನು ಹೇಳ್ತೇನೆ. ನಿನ್ನ ಮಾತು ಕೇಳದೆ ಶಿಕ್ಷೆ ಕೊಟ್ಟದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ನೀನು ಮತ್ತೆ ಪರೀಕ್ಷೆ ಬರೆಯಬಹುದು ಮಗಾ."

"ಬರೆದು ಎಂತ ಮಾಡ್ಲಿ?" ಹುಡುಗಿ ನೆಲ ನೋಡುತ್ತ ಹೇಳಿದಳು. "ನನಗೆ ಗಣಿತ ನಿಜವಾಗಿ ಬರುದಿಲ್ಲ."

ಯಾವ ಕಾನೂನಿನಲ್ಲಿ ಅದಕ್ಕೆ ಪರಿಹಾರವಿದೆ? ಮುಬೀನಾ ಚಪ್ಪಲಿ ಕಳಚಿ ಜಗಲಿ ಹತ್ತಿ ಅವಳ ಪಕ್ಕದಲ್ಲಿ ಕೂತಳು. "ಯಾವ ಲೆಕ್ಕ ಬರುದಿಲ್ಲ? ಪುಸ್ತಕ ತಾ" ಎಂದಳು.

ಸ್ವಲ್ಪ ಹೊತ್ತಿನಲ್ಲಿ ಎರಡು ತಲೆಗಳು ಒಂದೇ ಪುಸ್ತಕದ ಮೇಲೆ ಬಗ್ಗಿದ್ದವು. ತಾಯಿ ಒಳಗಿನಿಂದ ಮಜ್ಜಿಗೆ ತಂದು ಅತ್ತೆಯ ಬಳಿ ಮೆಟ್ಟಿಲ ಮೇಲೆ ಕುಳಿತರು. ಅತ್ತೆ ನನ್ನ ಕಡೆ ತಿರುಗಿ, ತುಟಿಯ ಮೇಲೆ ಬೆರಳಿಟ್ಟು ಪಿಸುಗುಟ್ಟಿದರು. "ಮೆಲ್ಲ ಮಾತಾಡು ಮಾರಾಯ, ಮಕ್ಕಳು ಓದ್ತಾ ಇದ್ದಾರೆ."

ನಾನು ಮಾತೇ ಆಡಿರಲಿಲ್ಲ.