ಮಗಳ ರೋಸು, ಮನೆಯ ಮಾಡು

ನಮ್ಮ ಮನೆಯ ಹಂಚಿನ ಮಾಡಿನ ರಿಪೇರಿ ಒಂದು ವಾರದ ಕೆಲಸ ಎಂದು ನಾನು ಘೋಷಿಸಿದಾಗ ನನ್ನ ಗಂಡ ಗ್ರೆಗರಿ ಪೇಪರಿನಿಂದ ತಲೆಯೆತ್ತಿ ನನ್ನನ್ನು ಒಮ್ಮೆ ನೋಡಿದರು, ಪುನಃ ಪೇಪರಿಗೆ ಮರಳಿದರು. ಅವರು ವಿರೋಧ ವ್ಯಕ್ತಪಡಿಸುವ ಕ್ರಮ ಇದು. ಅದನ್ನು ಒಪ್ಪಿಗೆ ಎಂದು ಪರಿಗಣಿಸುವುದು ನನ್ನ ಕ್ರಮ. ಇಷ್ಟು ವರ್ಷ ನಮ್ಮ ಸಂಸಾರ ದೊಡ್ಡ ಜಗಳವಿಲ್ಲದೆ ನಡೆದದ್ದು ಹೀಗೆ.

ಮಂಗಳೂರಿನ ಫಳ್ನೀರಿನಲ್ಲಿರುವ ಈ ಮನೆ ನನ್ನ ಅಪ್ಪ ಕಟ್ಟಿಸಿದ್ದು. ಸುತ್ತ ಮೂರು ಕಡೆಯೂ ಈಗ ಫ್ಲ್ಯಾಟುಗಳು ಎದ್ದಿವೆ. ಕ್ರಿಸ್ಮಸ್ ಮುಗಿದ ಮೇಲೆ ಚಾವಡಿಯಲ್ಲಿ ಕಟ್ಟಿದ್ದ ಬಣ್ಣದ ಕಾಗದ ಬಿಚ್ಚಲೆಂದು ಸ್ಟೂಲು ಹತ್ತಿದೆ. ಮೇಲೆ ನೋಡಿದರೆ ಹಂಚಿನ ಸಂದಿನಲ್ಲಿ ನೀಲಿ ಆಕಾಶ ಕಾಣಿಸುತ್ತಿತ್ತು. ಒಂದು ಕಾಗೆಯೂ ಹಾದುಹೋಯಿತು.

ಬೇರೆ ವರ್ಷವಾಗಿದ್ದರೆ ಕೆಳಗೊಂದು ಬಕೆಟು ಇಟ್ಟು ಸುಮ್ಮನಿರುತ್ತಿದ್ದೆ. ಆದರೆ ಮಗಳು ಶೆರಿಲ್‌ಗೆ ಈಸ್ಟರ್ ಕಳೆದ ಮೇಲೆ ಮದುವೆ ಎಂದು ನಿಶ್ಚಯವಾಗಿತ್ತು. ಮದುವೆಯ ಹಿಂದಿನ ಸಂಜೆ ನಮ್ಮಲ್ಲಿ ರೋಸು. ಮದುಮಗಳನ್ನು ಮಣೆಯ ಮೇಲೆ ಕೂರಿಸಿ, ಹೆಂಗಸರು ಹಾಡು ಹೇಳುತ್ತಿರುವಾಗ ಮನೆಯವರೆಲ್ಲ ಒಬ್ಬೊಬ್ಬರಾಗಿ ತೆಂಗಿನ ಹಾಲಿನಿಂದ ಅವಳನ್ನು ಮೀಯಿಸಿ ಹರಸುವ ಶಾಸ್ತ್ರ. ನನ್ನ ರೋಸು ಆದದ್ದು ಇದೇ ಚಾವಡಿಯಲ್ಲಿ, ದೇವರ ಪೀಠವಾದ ಆಲ್ತಾರಿನ ಎದುರು. ನನ್ನ ಅಮ್ಮ ತಲೆಗೆ ಹಾಲು ಹೊಯ್ಯುತ್ತ ಅತ್ತದ್ದು ನನಗೆ ಈಗಲೂ ನೆನಪಿದೆ. ಶೆರಿಲ್ ಮದುವೆಯಾಗಿ ಮಸ್ಕತ್ತಿಗೆ ಹೋಗುವವಳು. ಹೋಗುವ ಮೊದಲು ಅದೇ ಜಾಗದಲ್ಲಿ ಅವಳ ತಲೆಗೆ ನಾನೇ ಹಾಲು ಹೊಯ್ಯಬೇಕು ಎಂಬ ಆಸೆ ನನಗೆ ಬಹಳ ಇತ್ತು. ಬೇರೆ ಯಾವ ಆಸೆಯೂ ಇರಲಿಲ್ಲ ಎಂದರೂ ಸರಿ.

ಮಗಳು ಆಸ್ಪತ್ರೆಯಲ್ಲಿ ನರ್ಸು. ಅವಳಿಗೆ ಎಲ್ಲ ಕೆಲಸವೂ ಬೇಗ ಮುಗಿಯಬೇಕು.

"ಮಮ್ಮಿ, ಎಂತಕ್ಕೆ ಸುಮ್ಮನೆ ತೊಂದರೆ? ಒಂದು ಹಾಲ್ ಬುಕ್ ಮಾಡುವ. ಎಸಿ ಉಂಟು, ಊಟ ಅವರೇ ಕೊಡ್ತಾರೆ."

"ಅಲ್ಲಿ ನಿನ್ನ ಅಜ್ಜನ ಆಲ್ತಾರ್ ಉಂಟಾ?"

"ಇಲ್ಲಿ ಆಲ್ತಾರ್ ಉಂಟು, ಮಾಡು ಇಲ್ಲ."

"ಮಾಡು ನಾನು ಮಾಡಿಸ್ತೇನೆ. ಒಂದು ವಾರದ ಕೆಲಸ!"

ಮಗಳು ಅಪ್ಪನ ಕಡೆ ನೋಡಿದಳು. ಅಪ್ಪ ಪೇಪರಿನ ಇನ್ನೊಂದು ಪುಟ ತಿರುವಿದರು.

ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು ನಾನು. ಅಷ್ಟು ಮಕ್ಕಳನ್ನು ಸಾಲಾಗಿ ನಿಲ್ಲಿಸಿದವಳಿಗೆ ನಾಲ್ಕು ಹಂಚು ಯಾವ ಲೆಕ್ಕ ಎಂದುಕೊಂಡು, ಪರಿಚಯದವರು ಹೇಳಿದ ಲೋಕಯ್ಯ ಮೇಸ್ತ್ರಿಯನ್ನು ಕರೆಸಿದೆ. ಲೋಕಯ್ಯನಿಗೆ 'ಆಗುವುದಿಲ್ಲ' ಎಂಬ ಶಬ್ದವೇ ಗೊತ್ತಿಲ್ಲ. ಇದು ಒಳ್ಳೆಯ ಗುಣ ಎಂದು ನಾನು ಆಗ ತಿಳಿದಿದ್ದೆ.

"ಎರಡು ಹಂಚು ಬದಲಿಸಿದ್ರೆ ಆಯ್ತು ಟೀಚರ್," ಎಂದು ಮೇಲೆ ಹತ್ತಿದ ಲೋಕಯ್ಯ. ಮೂರನೇ ಹೆಜ್ಜೆ ಇಟ್ಟಾಗ ಅವನ ಬಲಗಾಲು ಚಾವಡಿಯೊಳಗೆ ಕಾಣಿಸಿಕೊಂಡಿತು. ಹಂಚನ್ನು ಹೊರುವ ಮರದ ರೀಪನ್ನು ಗೆದ್ದಲು ತಿಂದು ಮುಗಿಸಿತ್ತು. ಕಾಲು ಗಾಳಿಯಲ್ಲಿ ತೂಗುತ್ತಿರುವಾಗಲೇ ಮೇಲಿನಿಂದ ಅವನ ಮಾತು ಕೇಳಿಸಿತು:

"ಎಂತ ಇಲ್ಲ ಟೀಚರ್, ಸಮ ಆಗ್ತದೆ!"

ರೀಪು ನೋಡುವಾಗ ಅದನ್ನು ಕೆಳಗಿನಿಂದ ಹೊರುವ ದಪ್ಪ ಮರದ ಪಕ್ಕಾಸೂ ಟೊಳ್ಳು ಎಂದು ತಿಳಿಯಿತು. ಒಂದು ಪಕ್ಕಾಸು ತೆಗೆಯಬೇಕಾದರೆ ಅದರ ಮೇಲಿನ ಹಂಚೆಲ್ಲ ಇಳಿಸಬೇಕು. ಅರ್ಧ ಇಳಿಸಿದ ಮೇಲೆ ಉಳಿದ ಅರ್ಧವನ್ನೂ ಇಳಿಸುವುದೇ ಬುದ್ಧಿವಂತಿಕೆ ಎಂದು ನಾನೂ ಲೋಕಯ್ಯನೂ ಬಹಳ ಗಂಭೀರವಾಗಿ ಚರ್ಚಿಸಿ ತೀರ್ಮಾನಿಸಿದೆವು. ನಾನು ಹೇಳಿದ್ದ ಒಂದು ವಾರ ಮುಗಿಯುವಷ್ಟರಲ್ಲಿ ನಮ್ಮ ಮನೆಗೆ ನಾಲ್ಕು ಗೋಡೆ ಇತ್ತು, ಮಾಡು ಇರಲಿಲ್ಲ. ಮಲಗುವ ಕೋಣೆಗೆ ಮಾತ್ರ ಒಂದು ನೀಲಿ ತರ್ಪಾಲು ಕಟ್ಟಿಸಿದೆವು.

ಫ್ಲ್ಯಾಟಿನವರಿಗೆ ಅದು ಹಬ್ಬವಾಯಿತು. ಅಷ್ಟು ವರ್ಷ ನಮ್ಮ ಹಂಚನ್ನು ಮಾತ್ರ ನೋಡಿದವರು ಈಗ ನಮ್ಮ ಸಂಸಾರವನ್ನೇ ನೋಡತೊಡಗಿದರು. ನಾಲ್ಕನೇ ಮಾಳಿಗೆಯ ವಾರಿಜಕ್ಕ ನನಗೆ ಹಳೆಯ ಪರಿಚಯ, ಒಳ್ಳೆಯ ಮನಸ್ಸಿನವರು. ಒಂದು ಬೆಳಿಗ್ಗೆ ಅಂಗಳದಲ್ಲಿ ನಾನು ಲೋಕಯ್ಯನ ಜೊತೆ ವಾದಿಸುತ್ತಿರುವಾಗ ಅವರ ಫೋನು ಬಂತು.

"ಟೀಚರ್, ಬೇಗ ಒಳಗೆ ಹೋಗಿ. ನಿಮ್ಮ ಹಾಲು ಉಕ್ಕಿ ಬರ್ತಾ ಉಂಟು!"

ಓಡಿಹೋಗಿ ಗ್ಯಾಸು ಆರಿಸಿದೆ. ಅಂದಿನಿಂದ ಅಡುಗೆಮನೆಯ ಮೇಲ್ವಿಚಾರಣೆಯನ್ನು ವಾರಿಜಕ್ಕ ತಾವಾಗಿಯೇ ವಹಿಸಿಕೊಂಡರು. ಸಾರಿಗೆ ಉಪ್ಪು ಎರಡು ಸಲ ಹಾಕಿದ್ದನ್ನು ಹೇಳಿದರು. ಗ್ರೆಗರಿ ನಾನಿಲ್ಲದ ಹೊತ್ತಿಗೆ ಸಕ್ಕರೆ ಡಬ್ಬಿಗೆ ಕೈಹಾಕುವುದನ್ನೂ ಹೇಳಿದರು. ನನ್ನ ಗಂಡನಿಗೆ ಶುಗರ್ ಇದೆ. ಗ್ರೆಗರಿ ಮರುದಿನದಿಂದ ಅಡುಗೆಮನೆಯೊಳಗೆ ಕೊಡೆ ಹಿಡಿದು ಹೋಗತೊಡಗಿದರು.

ಇಷ್ಟಾದರೂ ನನ್ನ ಧೈರ್ಯ ಕುಂದಲಿಲ್ಲ. ಹೊಸ ಪಕ್ಕಾಸು ಬಂತು, ರೀಪು ಬಂತು, ಬಡಗಿ ಕೆಲಸ ಮುಗಿಸಿದ. ಅಷ್ಟರಲ್ಲಿ ನಾನು ಅಂಗಳದಲ್ಲಿ ಪೇರಿಸಿದ್ದ ಹಂಚುಗಳನ್ನು ನೋಡಿದೆ. ಎಲ್ಲ ಪಾಚಿ ಹಿಡಿದು ಕಪ್ಪಾಗಿದ್ದವು. ತೆಂಗಿನ ನಾರಿನಿಂದ ಒಂದನ್ನು ತಿಕ್ಕಿ ತೊಳೆದೆ. ಒಳ್ಳೆಯ ಕೆಂಪು! ಇನ್ನೊಂದನ್ನು ತೊಳೆದೆ. ಅದು ಸ್ವಲ್ಪ ಕಿತ್ತಳೆ. ಮತ್ತೊಂದು ಕಂದು. ನನ್ನ ತಲೆಯೊಳಗೆ ಆ ಕ್ಷಣ ಒಂದು ಯೋಚನೆ ಹುಟ್ಟಿತು. ನಮ್ಮ ಮನೆಯ ಈವರೆಗಿನ ಎಲ್ಲ ನಷ್ಟಕ್ಕೆ ಗೆದ್ದಲು ಕಾರಣ. ಇನ್ನು ಮುಂದಿನದಕ್ಕೆ ಆ ಯೋಚನೆ ಕಾರಣ.

ಎಲ್ಲ ಹಂಚುಗಳನ್ನೂ ತೊಳೆಸಿ ಬಣ್ಣದ ಪ್ರಕಾರ ವಿಂಗಡಿಸುವುದು! ಒಳ್ಳೆಯ ಕೆಂಪಿನವು ರಸ್ತೆಯ ಕಡೆಗೆ, ಕಿತ್ತಳೆ ಬಣ್ಣದವು ಪಕ್ಕಕ್ಕೆ, ಕಂದು ಹಿತ್ತಿಲ ಕಡೆಗೆ. ರೋಸಿಗೆ ಬಂದವರು ಗೇಟಿನಲ್ಲೇ ನಿಂತು ಬಾಯಿ ತೆರೆಯಬೇಕು. ಅಸೆಂಬ್ಲಿಯಲ್ಲಿ ಮಕ್ಕಳನ್ನು ಎತ್ತರದ ಪ್ರಕಾರ ನಿಲ್ಲಿಸಿದ ಹಾಗೆ ಹಂಚುಗಳನ್ನು ಅಂಗಳದ ಉದ್ದಕ್ಕೂ ಸಾಲು ಸಾಲಾಗಿ ನಿಲ್ಲಿಸಿದೆ.

"ಹೇಗೆ ಲೋಕಯ್ಯ?"

"ಲಾಯ್ಕ ಉಂಟು ಟೀಚರ್! ಹೀಗೆ ಯಾರೂ ಮಾಡ್ಲಿಲ್ಲ ಇದುವರೆಗೆ."

ಯಾರೂ ಏಕೆ ಮಾಡಲಿಲ್ಲ ಎಂದು ಆಗ ನಾನು ಕೇಳಬೇಕಿತ್ತು.

ಮರುದಿನ ಲೋಕಯ್ಯ ಮೇಲೆ ಕೂತು ಮೊದಲ ಕೆಂಪು ಹಂಚು ಇಟ್ಟ. ಕೂತಿತು. ಪಕ್ಕದಲ್ಲಿ ಎರಡನೆಯದನ್ನು ಇಟ್ಟ. ಕೂರಲಿಲ್ಲ. ತಿರುಗಿಸಿದ, ತಟ್ಟಿದ, ಒತ್ತಿದ. ಹಂಚು ಆಚೆ ಈಚೆ ಅಲ್ಲಾಡುತ್ತಿತ್ತು. ಮೂರನೆಯದು ಎರಡನೆಯದರ ಮೇಲೆ ಹತ್ತಿ ಕೂತಿತು. ಕೆಳಗಿನಿಂದ ನಾನು "ಒತ್ತು, ಒತ್ತು" ಎಂದು ಕೂಗಿದೆ. ಅವನು ಒತ್ತಿದ. ಅದು ಎರಡು ತುಂಡಾಯಿತು.

ಆಗ ಗ್ರೆಗರಿ ಪೇಪರನ್ನು ಬದಿಗಿಟ್ಟು ಬಂದರು. ಇದೇ ಒಂದು ದೊಡ್ಡ ಅಪಶಕುನ. ಎರಡು ಹಂಚುಗಳನ್ನು ಎತ್ತಿ ಬೆನ್ನು ನೋಡಿದರು. ಒಂದರ ಬೆನ್ನಿಗೆ ಮೀನಿನ ಗುರುತು, ಇನ್ನೊಂದಕ್ಕೆ ಗಂಟೆಯ ಗುರುತು.

"ಇದು ಒಂದು ಕಾರ್ಖಾನೆದ್ದು, ಇದು ಇನ್ನೊಂದು ಕಾರ್ಖಾನೆದ್ದು. ಅಳತೆ ಬೇರೆ. ಒಂದರ ಅಂಚು ಇನ್ನೊಂದರಲ್ಲಿ ಕೂರುವುದಿಲ್ಲ."

ನನ್ನ ಅಪ್ಪ ಪ್ರತಿ ಮಳೆಗಾಲದ ಮೊದಲು ಎಲ್ಲಿ ಸೋವಿ ಸಿಕ್ಕಿತೋ ಅಲ್ಲಿಂದ ಹಂಚು ತಂದು ಮಾಡು ಮುಚ್ಚಿಸಿದವರು. ಹಂಚು ಇಳಿಸುವಾಗ ಒಂದೊಂದು ಗುರುತಿನವು ತಮ್ಮದೇ ಸಾಲಿನಲ್ಲಿ ಜೊತೆಯಾಗಿಯೇ ಇದ್ದವು. ಅವುಗಳನ್ನು ಬಣ್ಣ ನೋಡಿ ಒಂದರೊಳಗೊಂದು ಬೆರೆಸಿ ಇಟ್ಟವಳು ಗಣಿತದ ಟೀಚರ್. ಲೋಕಯ್ಯನಿಗೂ ಇದು ತಿಳಿದಿರಲಿಲ್ಲ. ಅವನು ಈವರೆಗೆ ಹೊದಿಸಿದ್ದು ಅಂಗಡಿಯಿಂದ ಬಂದ ಹೊಸ ಹಂಚುಗಳನ್ನು ಮಾತ್ರ.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ನೀವು?" ಎಂದು ಗಂಡನನ್ನು ಕೇಳಿದೆ.

"ನೀನು ಕೇಳ್ಲಿಲ್ಲ."

ಆಮೇಲೆ ನಮ್ಮ ಅಂಗಳದಲ್ಲಿ ನಡೆದದ್ದು ಹಂಚುಗಳ ಬೆನ್ನು ನೋಡುವ ಕಾರ್ಯಕ್ರಮ. ಮೀನು ಮೀನಿನ ಜೊತೆ, ಗಂಟೆ ಗಂಟೆಯ ಜೊತೆ. ತೊಳೆದು ನುಣ್ಣಗಾಗಿದ್ದ ಹಂಚುಗಳು ಕೈಜಾರಿ ಬಿದ್ದು ಒಡೆದವು. ಮೇಲಿನಿಂದ ವಾರಿಜಕ್ಕ ಒಂದೊಂದು ಸದ್ದಿಗೂ "ಅಯ್ಯೋ ದೇವರೇ" ಎನ್ನುತ್ತಿದ್ದರು. ಕೊನೆಗೆ ಚಾವಡಿಯ ಮೇಲೆ ಹೊದಿಸಲು ಮೀನು ಸಾಲದಾಯಿತು.

ಕದ್ರಿಯಲ್ಲಿ ಒಂದು ಹಳೆಯ ಮನೆ ಕೆಡವುತ್ತಿದ್ದಾರೆ ಎಂಬ ಸುದ್ದಿ ತಂದವನು ಲೋಕಯ್ಯ. ನಾನೇ ರಿಕ್ಷಾ ಹಿಡಿದು ಹೋದೆ. ಈ ಸಲ ನಾನು ಮೋಸ ಹೋಗುವವಳಲ್ಲ! ಒಂದೊಂದು ಹಂಚಿನ ಬೆನ್ನನ್ನೂ ನೋಡಿದೆ. ಮೀನು, ಮೀನು, ಮೀನು. ಟೆಂಪೋದಲ್ಲಿ ಮುಂದಿನ ಸೀಟಿನಲ್ಲಿ ಕೂತು ಗೆದ್ದು ಬಂದವಳ ಹಾಗೆ ಮನೆಗೆ ಬಂದೆ.

ಗ್ರೆಗರಿ ಒಂದು ಹಂಚು ಎತ್ತಿ ಕನ್ನಡಕ ಸರಿಪಡಿಸಿಕೊಂಡರು.

"ಮೀನು ಹೌದು," ಎಂದರು. "ಬೇರೆ ಮೀನು."

ನಮ್ಮದರ ಬಾಲ ಎಡಕ್ಕೆ, ಅದರ ಬಾಲ ಬಲಕ್ಕೆ. ಅಳತೆಯೂ ಬೇರೆ. ಆ ಹಂಚುಗಳನ್ನು ಈಗ ಮಲ್ಲಿಗೆ ಗಿಡದ ಸುತ್ತ ನೆಟ್ಟಿದ್ದೇವೆ. ಚೆನ್ನಾಗಿ ಕಾಣುತ್ತದೆ.

ಈಸ್ಟರ್ ಬಂತು, ಹೋಯಿತು. ಮದುವೆ ಹತ್ತಿರ ಬಂದ ಹಾಗೆ ನನಗೆ ನಿದ್ರೆ ಹತ್ತದಾಯಿತು. ಮಗಳು ಹಾಲ್ ಎಂದಾಗ ಒಪ್ಪಿಬಿಡಬೇಕಿತ್ತು ಎಂದು ಅನಿಸಿದ್ದೂ ಹೌದು. ಆದರೆ ಅದನ್ನು ಬಾಯಿಬಿಟ್ಟು ಹೇಳಿದರೆ ನಾನು ನಾನಾಗಿ ಉಳಿಯುವುದು ಹೇಗೆ? ಲೋಕಯ್ಯ ಅಂಚು ಕೆತ್ತಿ, ಸಂದಿಗೆ ಸಿಮೆಂಟು ತುಂಬಿ, ಹೇಗೋ ಚಾವಡಿಯ ಮಾಡನ್ನು ಮುಚ್ಚಿದ. ರೋಸಿನ ಹಿಂದಿನ ದಿನ ಕೆಳಗಿಳಿದು ಕೈ ತೊಳೆದುಕೊಂಡ.

"ಮಳೆ ಬಂದ್ರೆ?" ಎಂದು ಕೇಳಿದೆ.

"ಈಗ ಎಲ್ಲಿಯ ಮಳೆ ಟೀಚರ್? ಸಮ ಆಗ್ತದೆ!"

ರೋಸಿನ ಸಂಜೆ ಅಂಗಳದಲ್ಲಿ ಚಪ್ಪರ, ಚಪ್ಪರದ ತುಂಬ ನೆಂಟರು. ಸೆಕೆಯೋ ಸೆಕೆ. ಮಣೆಯನ್ನು ಆಲ್ತಾರಿನ ಎದುರಿಗೇ ಇಟ್ಟೆ, ಅಮ್ಮ ನನ್ನನ್ನು ಕೂರಿಸಿದ್ದ ಜಾಗದಲ್ಲಿ. ಶೆರಿಲ್ ಹಳೆಯ ಸೀರೆ ಉಟ್ಟು ಬಂದು ಕೂತಳು. ಹೆಂಗಸರು ಹಾಡು ಎತ್ತಿದರು. ಹೊರಗೆ ಗುಡುಗು ಕೇಳಿತು.

ಐದು ನಿಮಿಷದಲ್ಲಿ ಚಪ್ಪರದಲ್ಲಿದ್ದವರೆಲ್ಲ ಚಾವಡಿಯೊಳಗೆ ಇದ್ದರು. ನಾನು ಹರಸುವ ಮುಖಭಾವದಲ್ಲಿ ಹಾಲಿನ ಬಟ್ಟಲು ಎತ್ತಿಕೊಂಡೆ. ಅಷ್ಟರಲ್ಲಿ ಟಪ್ ಎಂದು ಒಂದು ಹನಿ ಮಣೆಯ ಬದಿಗೆ ಬಿತ್ತು. ಮತ್ತೊಂದು ಶೆರಿಲ್‌ಳ ಭುಜಕ್ಕೆ.

ನನಗೆ ತಲೆಕೆಟ್ಟಿತು. ಬಟ್ಟಲನ್ನು ಗ್ರೆಗರಿಯ ಕೈಗೆ ತುರುಕಿ, ಊಟದ ಮೇಜನ್ನು ಎಳೆಸಿ, ರೇಷ್ಮೆ ಸೀರೆಯಲ್ಲೇ ಅದರ ಮೇಲೆ ಹತ್ತಿದೆ. ಮಾವಿನಕಾಯಿ ಕೊಯ್ಯುವ ಕೊಕ್ಕೆ ತರಿಸಿ ಸರಿದ ಹಂಚನ್ನು ಕೆಳಗಿನಿಂದ ದೂಡತೊಡಗಿದೆ. ವಾರಿಜಕ್ಕ ಸಹಾಯಕ್ಕೆಂದು ತಮ್ಮ ಫ್ಲ್ಯಾಟಿಗೆ ಓಡಿ, ಬಾಲ್ಕನಿಯಿಂದ ನಮ್ಮ ಮಾಡನ್ನು ನೋಡುತ್ತ ಫೋನು ಮಾಡಿದರು. ಗ್ರೆಗರಿ ಸ್ಪೀಕರ್ ಹಾಕಿ ಫೋನನ್ನು ಎತ್ತಿ ಹಿಡಿದರು.

"ಎಡಕ್ಕೆ ಟೀಚರ್! ಇನ್ನೂ ಎಡಕ್ಕೆ! ಅಯ್ಯೋ, ನಿಮ್ಮ ಎಡ ಅಲ್ಲ ಮಾರಾಯ್ರೆ, ನನ್ನ ಎಡ!"

ದೂಡಿದೆ. ಒಂದು ಹಂಚು ಸರಿಯಾಗಿ ಕೂತಿತು. ಪಕ್ಕದ ಎರಡು ಜಾರಿದವು. ಹನಿಯಾಗಿ ಬೀಳುತ್ತಿದ್ದದ್ದು ಧಾರೆಯಾಗಿ ನನ್ನ ನೆತ್ತಿಗೇ ಸುರಿಯಿತು. ಬ್ಯೂಟಿ ಪಾರ್ಲರಿನಲ್ಲಿ ಕಟ್ಟಿಸಿದ ಕೂದಲು ಕಿವಿಯ ಮೇಲೆ ಇಳಿಯಿತು. ಹಾಡುತ್ತಿದ್ದ ಹೆಂಗಸರು ಹಾಡು ನಿಲ್ಲಿಸಿದರು. ಎಲ್ಲರೂ ಮಾಡನ್ನೇ ನೋಡುತ್ತಿದ್ದರು. ಫೋಟೋದವನೂ ಅದನ್ನೇ ತೆಗೆಯುತ್ತಿದ್ದ.

"ಮಮ್ಮಿ," ಎಂದಳು ಶೆರಿಲ್, ಮಣೆಯಿಂದಲೇ.

"ನೀನು ಸುಮ್ಮನೆ ಕೂತುಕೋ! ಈಗ ನಿಲ್ಲಿಸ್ತೇನೆ. ನಿನ್ನ ಮೇಲೆ ಒಂದು ಹನಿ ಬೀಳ್ಲಿಕ್ಕೆ ಬಿಡುವುದಿಲ್ಲ!"

"ಮಮ್ಮಿ, ಇಳಿ. ನಾನು ಒದ್ದೆ ಆಗ್ಲಿಕ್ಕೇ ಕೂತದ್ದಲ್ವಾ?"

ಮೊದಲು ನಕ್ಕವರು ಗ್ರೆಗರಿ. ಮದುವೆಯಾದ ಮೇಲೆ ಅವರು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಕೇಳಿರಲಿಲ್ಲ. ನೆಂಟರೆಲ್ಲ ನಕ್ಕರು. ಫೋನಿನೊಳಗೆ ವಾರಿಜಕ್ಕ ಮಾತ್ರ "ಎಂತಾಯ್ತು? ಬಿದ್ರಾ?" ಎಂದು ಕೇಳುತ್ತಿದ್ದರು.

ಗ್ರೆಗರಿಯ ಕೈ ಹಿಡಿದು ಇಳಿದೆ. ಬಟ್ಟಲು ತೆಗೆದುಕೊಂಡು ಮಗಳ ಎದುರು ನಿಂತೆ. ಅವಳ ತಲೆಗೆ ಹಾಲು ಹೊಯ್ದೆ. ನಾನೂ ಅತ್ತುಬಿಟ್ಟೆ, ಎಲ್ಲರೆದುರಿಗೇ. ಹಾಲಿನ ಜೊತೆಗೆ ಮಳೆಯ ನೀರೂ ಅವಳ ಹಣೆಯ ಮೇಲೆ ಇಳಿಯುತ್ತಿತ್ತು. ಶೆರಿಲ್ ಕಣ್ಣು ಮುಚ್ಚಿ ನನ್ನ ಸೊಂಟಕ್ಕೆ ಕೈ ಸುತ್ತಿ ಬಿಗಿಯಾಗಿ ಹಿಡಿದುಕೊಂಡಳು.

ಅಷ್ಟು ತಿಂಗಳು, ಅಷ್ಟು ಹಂಚು, ಅಷ್ಟು ಸಿಮೆಂಟು! ಇಡೀ ಮಂಗಳೂರಿನಲ್ಲಿ ಆ ಸಂಜೆ ನೀರು ಬಿದ್ದರೆ ಏನೂ ಹಾಳಾಗದ ಜಾಗ ಇದ್ದದ್ದು ಒಂದೇ, ಆ ಮಣೆ. ಗಣಿತದ ಟೀಚರ್ ಹೋರಾಡಿದ್ದು ಅಲ್ಲಿ ನೀರು ಬೀಳದಂತೆ.

ಶಾಸ್ತ್ರ ಮುಗಿದ ಮೇಲೆ ಶೆರಿಲ್‌ಗೆ ದೊಡ್ಡ ಟವೆಲು ಹೊದಿಸಿ ಒಳಗೆ ಕರೆದುಕೊಂಡು ಹೋದರು. ಅವಳಿಗೆಂದು ಮೊದಲೇ ತೆಗೆದಿಟ್ಟಿದ್ದರು. ನನಗೆ ಯಾರೂ ಇಟ್ಟಿರಲಿಲ್ಲ.