ಬಚ್ಚಲುಮನೆಯ ಭಾಷಣ

ಎಲ್ಲ ಅನಾಹುತಕ್ಕೂ ಮೂಲ ಆ ಬಚ್ಚಲುಮನೆ. ನಾಲ್ಕಡಿ ಅಗಲ, ಐದಡಿ ಉದ್ದ. ಆದರೆ ಅದರೊಳಗೆ ನಿಂತು ಬಾಯಿ ಬಿಟ್ಟರೆ ಎಂಥ ಕೀರಲು ಗಂಟಲೂ ಗುಡುಗಿನಂತೆ ಕೇಳಿಸುತ್ತಿತ್ತು. ನಾಲ್ಕು ಜನರ ಎದುರು ಉಸಿರು ಬಿಡಲೂ ಹೆದರುವ ನಮ್ಮ ಹುಡುಗನಿಗೆ ಇದಕ್ಕಿಂತ ದೊಡ್ಡ ಸಭಾಂಗಣ ಬೇಕೆ?

ಹುಡುಗ ಕಾಲೇಜಿನ ಕೊನೆಯ ವರ್ಷದವನು. ಅಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ‘ನಮಸ್ಕಾರ’ ಎಂದು. ಮರ್ಯಾದೆ ಅಂದುಕೊಳ್ಳಬೇಡಿ, ಅಡ್ಡಹೆಸರು. ಮೊದಲ ವರ್ಷದ ಭಾಷಣ ಸ್ಪರ್ಧೆಯಲ್ಲಿ ವೇದಿಕೆ ಹತ್ತಿ “ಎಲ್ಲರಿಗೂ ನಮಸ್ಕಾರ” ಎಂದವನು ಮುಂದಿನದೆಲ್ಲ ಮರೆತು, ಒಂದು ನಿಮಿಷ ಮೈಕನ್ನೇ ದಿಟ್ಟಿಸಿ, ಸುಮ್ಮನೆ ಇಳಿದು ಬಂದಿದ್ದ. ಎರಡನೆಯ ವರ್ಷವೂ ಅದೇ ಹಾಡು. ಆ ಸಲ ಎರಡು ಬಾರಿ ನಮಸ್ಕಾರ ಹೇಳಿ ಇಳಿದ, ಪ್ರಗತಿ ಅಂದರೆ ಅಷ್ಟೇ.

ಬಹುಮಾನದ ಆಸೆ ಅವನಿಗಿರಲಿಲ್ಲ. ನಮಸ್ಕಾರದಿಂದ ಹೊರಟು ಧನ್ಯವಾದದವರೆಗೆ ಒಂದೇ ಒಂದು ಸಲ ಮುಟ್ಟಿದರೆ ಸಾಕು, ಆ ಹೆಸರು ತೊಲಗುತ್ತದೆ ಎಂದು ಹಂಬಲಿಸುತ್ತಿದ್ದ. ಈ ವರ್ಷ ತಪ್ಪಿದರೆ ಮುಂದಿನ ವರ್ಷ ಕಾಲೇಜೇ ಇಲ್ಲ.

ವಿಷಯ ‘ಸ್ವಂತ ಬುದ್ಧಿ’. ಪಾಪ, ಎಂಟು ದಿನ ಕೂತು, ಯಾವ ಪುಸ್ತಕವನ್ನೂ ಮುಟ್ಟದೆ, ತಾನೇ ಬರೆದ. ಆಮೇಲೆ ಇಪ್ಪತ್ತು ದಿನ, ಬೆಳಗಿನ ಆರು ಗಂಟೆಗೆ, ಬಚ್ಚಲುಮನೆಯಲ್ಲಿ ನಿಂತು ಗಟ್ಟಿಯಾಗಿ ಬಾಯಿಪಾಠ ಮಾಡಿದ. ಆ ಬಚ್ಚಲಿನ ಕಿಟಕಿ ಮೂರು ಅಂತಸ್ತಿನ ಬಚ್ಚಲುಗಳಿಗೂ ಸೇರಿ ಮೇಲಿಂದ ಕೆಳತನಕ ಇದ್ದ ಒಂದೇ ಗಾಳಿಗೂಡಿಗೆ ತೆರೆದುಕೊಂಡಿತ್ತು. ಅದರಿಂದ ಇಡೀ ಕಟ್ಟಡ ಇಪ್ಪತ್ತು ದಿನವೂ ಸ್ವಂತ ಬುದ್ಧಿಯ ಬಗ್ಗೆ ಕೇಳುತ್ತಲೇ ಎದ್ದಿತು.

ಸರಿಯಾಗಿ “ಮೂರನೆಯದಾಗಿ” ಅನ್ನುವ ಹೊತ್ತಿಗೆ ಅಮ್ಮ ಹೊರಗಿನಿಂದ ಬಾಗಿಲು ಬಡಿಯುತ್ತಿದ್ದಳು. ಅವಳಿಗೆ ಹೊಲಿಗೆ ಕಾರ್ಖಾನೆಯ ಪಾಳಿಗೆ ಹೊತ್ತಾಗುತ್ತಿತ್ತು. “ಲೋ, ಒಳಗೇ ಮನೆ ಮಾಡ್ಕೊಂಡ್ಯೇನೋ?”

“ಅಮ್ಮಾ, ಬಂದೆ ಇರು!” ಎಂದು ಕೂಗಿ ಅದೇ ಉಸಿರಿನಲ್ಲಿ ಹುಡುಗ ಮೂರನೆಯದನ್ನು ಮುಂದುವರಿಸುತ್ತಿದ್ದ. ಇನ್ನೊಂದು ನಿಮಿಷಕ್ಕೆ ಕೆಳಮನೆಯಿಂದ ನೀರಿನ ಪೈಪಿನ ಮೇಲೆ ಟಣ್ ಟಣ್ ಎಂದು ಎರಡು ಏಟು ಬೀಳುತ್ತಿದ್ದವು. ಅದು ಕೆಳಮನೆ ಯಜಮಾನರ ಊರುಗೋಲು. ತೂಕ-ಅಳತೆ ಇಲಾಖೆಯಲ್ಲಿ ಅಧಿಕಾರಿಯಾಗಿದ್ದು ನಿವೃತ್ತರಾದವರು. ನಿದ್ದೆಯನ್ನೂ ತೂಗಿ ನೋಡುವವರು. ದಿನಕ್ಕೆ ಒಂದು ಗಂಟೆ ಕಮ್ಮಿ ಬೀಳುತ್ತಿದೆ ಎಂದು ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ ಲೆಕ್ಕ ಒಪ್ಪಿಸುತ್ತಿದ್ದರು.

ಸ್ಪರ್ಧೆಯ ಬೆಳಿಗ್ಗೆ ಹುಡುಗ ಇಸ್ತ್ರಿ ಅಂಗಿ ಹಾಕಿಕೊಂಡು ಅಡುಗೆಮನೆಗೆ ಬಂದರೆ ಅಮ್ಮ ಡಬ್ಬಿ ಕಟ್ಟುತ್ತ, “ಗಿಣಿಗೂ ನಮಗೂ ಏನು ವ್ಯತ್ಯಾಸ…” ಎಂದು ಗುನುಗುತ್ತಿದ್ದಳು.

“ಅಮ್ಮಾ, ಅದು ನನ್ನ ಭಾಷಣ!”

“ಗೊತ್ತು ಕಣೋ, ಬಾಯಿಗೆ ಅಂಟ್ಕೊಂಡುಬಿಟ್ಟಿದೆ. ನಂಗೆ ಪಾಳಿ ಇದೆ, ಬರೋಕಾಗಲ್ಲ. ಕೆಳಮನೆ ಯಜಮಾನ್ರಿಗೆ ಹೇಳಿದೀನಿ, ನಮ್ಮ ಪರವಾಗಿ ಅವರು ಬರ್ತಾರೆ.”

“ಅವರ‍್ಯಾಕಮ್ಮಾ? ನನ್ನ ಕಂಡ್ರೆ ಉರ್ಕೊಂಡು ಬೀಳ್ತಾರೆ!”

“ಒಬ್ರಾದ್ರೂ ನಮ್ಮೋರು ಅಂತ ಇರ್ಲಿ ಸುಮ್ನಿರು.”

ಮೆಟ್ಟಿಲ ಮೇಲೆ ಎದುರುಮನೆ ನರ್ಸಕ್ಕ ಅಡ್ಡ ನಿಂತಳು. “ಬಾಯಿ ತೆಗಿ. ಆ ಅನ್ನು. ಗಂಟಲು ಕೆಂಪಾಗಿದೆ. ವೇದಿಕೆ ಹತ್ತೋ ತನಕ ಒಂದಕ್ಷರ ಆಡ್ಬೇಡ. ನಿನ್ನೆ ಒಬ್ಬ ಪೇಷಂಟು ಇಂಜೆಕ್ಷನ್‌ಗೆ ಹೆದರ್ಕೊಂಡು ಕೂತಿದ್ದ. ‘ಹಿಂಜರಿಕೆಯೇ ನಮ್ಮ ಮೊದಲ ಶತ್ರು’ ಅಂದೆ ನೋಡು, ತೋಳು ಮುಂದಿಟ್ಟ. ಚೆನ್ನಾಗಿ ಬರ‍್ದಿದೀಯ ಬಿಡು!”

ಹುಡುಗನಿಗೆ ಆನೆಬಲ ಬಂತು. ಆದರೂ ಎಚ್ಚರಿಕೆಗೆ ಅಂಗೈ ಮೇಲೆ ಎಂಟು ಮುಖ್ಯ ಪದಗಳನ್ನು ಬರೆದುಕೊಂಡ. ಕೆಳಗೆ ಯಜಮಾನರು ಕೋಟು ತೊಟ್ಟು, ಜೇಬಿಗೆ ಪೆನ್ನು ಸಿಕ್ಕಿಸಿ, ಊರುಗೋಲು ಹಿಡಿದು ಕಾದಿದ್ದರು.

“ಇಪ್ಪತ್ತು ದಿನ ನನ್ನ ನಿದ್ದೆ ಹಾಳು ಮಾಡಿದೀಯ. ಆ ನಷ್ಟಕ್ಕೆ ಏನು ಸಿಗತ್ತೆ ಅಂತ ನೋಡೋಕೆ ಬರ್ತಿದೀನಿ, ನಡಿ,” ಎಂದರು. ನರ್ಸಕ್ಕನ ಆಜ್ಞೆಯಂತೆ ಹುಡುಗ ಮಾತಾಡದೆ ತಲೆ ಆಡಿಸಿದ.

ಕಾಲೇಜು ಮುಟ್ಟಿದ ಕೂಡಲೆ ಕುರ್ಚಿ ಸಾಗಿಸುವ ಕೆಲಸ ಅವನ ಕೊರಳಿಗೇ ಬಿತ್ತು. ಬೇಡ ಅನ್ನಲು ಬಾಯಿ ಬಿಡುವ ಹಾಗಿಲ್ಲವಲ್ಲ! ನಲವತ್ತು ಕುರ್ಚಿ ಹೊತ್ತು ಮುಗಿಸುವಷ್ಟರಲ್ಲಿ ಅಂಗೈ ಬೆವತು, ಎಂಟೂ ಪದಗಳು ಕಲಸಿ ಒಂದು ನೀಲಿ ಮಚ್ಚೆಯಾಗಿದ್ದವು. ಯಜಮಾನರು ಮೊದಲ ಸಾಲಿನ ನಟ್ಟನಡುವೆ, ಮೈಕಿಗೆ ನೇರ ಎದುರಾಗಿ ಕೂತು, ಊರುಗೋಲನ್ನು ನೆಲಕ್ಕೆ ಟಕ್ ಟಕ್ ಎನ್ನಿಸುತ್ತಿದ್ದರು. ಆ ಸದ್ದು ಕೇಳಿ ಹುಡುಗ ಕಂಬದ ಮರೆಗೆ ಸರಿದ.

ಅಷ್ಟರಲ್ಲಿ ಸ್ಪರ್ಧೆ ನಡೆಸುತ್ತಿದ್ದ ಸಂಘದ ಮೇಡಂ ಫೋನು ಹಿಡಿದು ಓಡಿ ಬಂದರು. ಮುಖ್ಯ ಅತಿಥಿಯಾಗಿ ಬರಬೇಕಿದ್ದ ಡಾಕ್ಟರ ಕಾರು ಅರ್ಧ ದಾರಿಯಲ್ಲಿ ಕೈಕೊಟ್ಟಿತ್ತು. ಮೇಡಂ ಸಭೆಯ ಮೇಲೆ ಕಣ್ಣು ಹಾಯಿಸಿದರು. ಕೋಟು ತೊಟ್ಟವರು ಒಬ್ಬರೇ.

“ಲೋ ನಮಸ್ಕಾರ, ನಿನ್ನ ಜೊತೆ ಬಂದೋರು ಯಾರೋ? ಮಾತಾಡ್ತಾರಾ?”

ಇವರನ್ನು ವೇದಿಕೆಗೆ ಹತ್ತಿಸಿದರೆ ತನ್ನ ಕಣ್ಣೆದುರು ಕೂರುವುದು ತಪ್ಪುತ್ತದೆ ಎಂದು ಹುಡುಗನ ತಲೆಯಲ್ಲಿ ಮಿಂಚು ಹೊಡೆಯಿತು. ನರ್ಸಕ್ಕನ ಆಜ್ಞೆ ಮುರಿದ.

“ದೊಡ್ಡ ಆಫೀಸರ್ ಆಗಿದ್ರು ಮೇಡಂ. ಅವರು ಬಾಯಿ ಬಿಟ್ರೆ ಅಂಗಡಿಯೋರೆಲ್ಲ ಗಡಗಡ ನಡುಗೋರು. ಅವರನ್ನೇ ಕರೀರಿ!”

ಯಜಮಾನರು “ಅಯ್ಯೋ, ನಾನಾ? ಬೇಡ, ಬೇಡ” ಎನ್ನುತ್ತಿರುವಾಗಲೇ ಇಬ್ಬರು ಎರಡು ತೋಳು ಹಿಡಿದು ಮೇಲೆ ಹತ್ತಿಸಿದರು. ಮೂವತ್ತೈದು ವರ್ಷ ಅಂಗಡಿಯವರನ್ನು ನಡುಗಿಸಿದವರು ಈಗ ಮೈಕಿನ ಮುಂದೆ ತಾವೇ ನಡುಗುತ್ತಿದ್ದರು.

“ಎಲ್ಲರಿಗೂ ನಮಸ್ಕಾರ,” ಎಂದರು. ಆಮೇಲೆ ಮೌನ.

ಆ ಮೌನ ಎಂಥದೆಂದು ಇಡೀ ಸಭೆಯಲ್ಲಿ ಹುಡುಗನೊಬ್ಬನಿಗೇ ಗೊತ್ತಿತ್ತು. ಅವನ ಕರುಳು ಚುರುಕ್ ಎಂದಿತು. ಏನಾದರೂ ಹೇಳಿ ಅಂಕಲ್, ಏನಾದರೂ ಸರಿ ಎಂದು ಮನಸ್ಸಿನಲ್ಲೇ ಬೇಡಿಕೊಂಡ.

ಯಜಮಾನರು ಕಣ್ಣು ಮುಚ್ಚಿದರು. “ಗಿಣಿಗೂ ನಮಗೂ ಏನು ವ್ಯತ್ಯಾಸ? ಕಲಿಸಿದ್ದನ್ನು ಒಪ್ಪಿಸುವುದು ಗಿಣಿ. ತನಗೆ ತೋಚಿದ್ದನ್ನು ಹೇಳುವವನು ಮನುಷ್ಯ.”

ಸದ್ಯ, ಮಾತು ಸಿಕ್ಕಿತಲ್ಲ ಎಂದು ಹುಡುಗ ನಿಟ್ಟುಸಿರುಬಿಟ್ಟ. ಮರುಕ್ಷಣ ಹೌಹಾರಿದ. ಅದು ತನ್ನ ಗಿಣಿ!

ಗಿಣಿಯ ಹಿಂದೆಯೇ ಉಳಿದದ್ದೂ ಸಾಲಾಗಿ ಬಂತು. ಹಿಂಜರಿಕೆಯೇ ಮೊದಲ ಶತ್ರು ಬಂತು, ‘ನೆರೆಯವರ ದೀಪದಲ್ಲಿ ಓದಬಹುದು, ನೆರೆಯವರ ಕಣ್ಣಿನಲ್ಲಿ ಓದಲಾಗದು’ ಎಂಬ ಮಾತೂ ಬಂತು. ಅವನ್ನು ಬರೆಯಲು ಹುಡುಗನಿಗೆ ಎರಡು ದಿನ ಹಿಡಿದಿತ್ತು. ಯಜಮಾನರ ತಲೆಯಲ್ಲಿ ಇದ್ದದ್ದು ಒಂದೇ ಭಾಷಣ, ಅದನ್ನು ತಡೆಯಿಲ್ಲದೆ ಸುರಿಯುತ್ತಿದ್ದರು. “ಮೂರನೆಯದಾಗಿ,” ಎಂದವರು ತಲೆಯೆತ್ತಿ, ಗಂಭೀರವಾಗಿ, “ಅಮ್ಮಾ, ಬಂದೆ ಇರು!” ಎಂದು ಕೂಗಿ ಮುಂದಕ್ಕೆ ಹೋದರು.

ಸಭೆಗೆ ಅದೇನು ಅರ್ಥವಾಯಿತೋ! ಮುದುಕರು ತೀರಿಹೋದ ತಾಯಿಯನ್ನು ನೆನೆದರೆಂದು ಕೆಲವರು ಕಣ್ಣೊರೆಸಿಕೊಂಡರು. ಮೇಡಂ ಎದ್ದು ನಿಂತು ಚಪ್ಪಾಳೆ ತಟ್ಟಿದರು.

“ಮುಗೀತು ನನ್ನ ಕತೆ,” ಎಂದ ಹುಡುಗ.

“ಯಾಕೋ? ಎಷ್ಟು ಚೆನ್ನಾಗಿ ಮಾತಾಡಿದ್ರು!” ಎಂದ ಪಕ್ಕದಲ್ಲಿದ್ದ ಗೆಳೆಯ.

ಮೊದಲ ಸ್ಪರ್ಧಿಯೇ ನಮ್ಮ ಹುಡುಗ. ಬೇರೆ ಏನಾದರೂ ಹೇಳಬೇಕು, ಹಳೆಯದು ಒಂದಕ್ಷರವೂ ಬಾಯಿಗೆ ಬರಕೂಡದು ಎಂದು ಹಲ್ಲು ಕಚ್ಚಿಕೊಂಡು ಮೈಕಿನ ಮುಂದೆ ನಿಂತ. “ಎಲ್ಲರಿಗೂ ನಮಸ್ಕಾರ,” ಎಂದ. ಹಿಂದಿನ ಸಾಲಿನಿಂದ “ಆಯ್ತಲ್ಲ, ಇಳಿ!” ಎಂದು ಯಾರೋ ಕೂಗಿದರು. ದೇವರೇ, ಈ ಸಲವಾದರೂ ಮರೆತುಹೋಗಲಿ ಎಂದು ಅವನು ಬೇಡಿಕೊಂಡ. ಎರಡು ವರ್ಷ ಕೇಳದೆಯೇ ಬಂದ ಮರೆವು ಇವತ್ತು ಅಂಗಲಾಚಿದರೂ ಹತ್ತಿರ ಸುಳಿಯಲಿಲ್ಲ.

“ಗಿಣಿಗೂ ನಮಗೂ ಏನು ವ್ಯತ್ಯಾಸ?” ಎಂದಿತು ನಾಲಿಗೆ.

ಸಭೆ ಒಂದು ಕ್ಷಣ ಮಿಕಮಿಕ ನೋಡಿತು. “ಕಲಿಸಿದ್ದನ್ನು ಒಪ್ಪಿಸುವುದು ಗಿಣಿ” ಎನ್ನುವಷ್ಟರಲ್ಲಿ ನಗು ಒಡೆಯಿತು. ಹುಡುಗ ನಿಲ್ಲಿಸಲು ನೋಡಿದ, ಆಗಲಿಲ್ಲ. ಇಪ್ಪತ್ತು ಬೆಳಗಿನ ಅಭ್ಯಾಸ ಅವನನ್ನು ಕೊರಳಪಟ್ಟಿ ಹಿಡಿದು ಎಳೆದೊಯ್ಯಿತು. ಮುಂದಿನ ಸಾಲನ್ನು ಸಭೆಯೇ ಮೊದಲು ಹೇಳತೊಡಗಿತು. “ಮೂರನೆಯದಾಗಿ,” ಎಂದವನು ಬಾಯಿಗೆ ಕೈ ಅಡ್ಡ ಹಿಡಿಯುವ ಮೊದಲೇ ಅದು ಹೊರಬಿತ್ತು. “ಅಮ್ಮಾ, ಬಂದೆ ಇರು!”

ಇಡೀ ಸಭಾಂಗಣ ಹೊಟ್ಟೆ ಹಿಡಿದುಕೊಂಡು ನಕ್ಕಿತು. ತೀರ್ಪುಗಾರರೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿದರು. ಹುಡುಗ ಮಾತ್ರ ಒಂದು ಪದವೂ ತಪ್ಪದೆ “ಧನ್ಯವಾದ”ಕ್ಕೆ ಬಂದು ಮುಟ್ಟಿದ. ಸಮಯ ಮುಗಿಯಿತೆಂಬ ಗಂಟೆ ಸರಿಯಾಗಿ ಆಗಲೇ ಹೊಡೆಯಿತು. ಜೀವಮಾನದಲ್ಲಿ ಮೊದಲ ಸಲ ಭಾಷಣ ಮುಗಿಸಿದ್ದ. ಅಳು ಬಂತು.

“ಸಾರ್, ಅದು ನಾನೇ ಬರ‍್ದಿದ್ದು,” ಎಂದು ತೀರ್ಪುಗಾರರ ಮೇಜಿನ ಬಳಿ ಗೋಗರೆದ.

“ಆಯ್ತಪ್ಪ, ಆಯ್ತು. ‘ಅಮ್ಮಾ, ಬಂದೆ ಇರು’ ಅನ್ನೋದನ್ನೂ ನೀನೇ ಬರ‍್ದಿದ್ಯಾ?”

ಅದನ್ನು ಅವನು ಬರೆದಿರಲಿಲ್ಲ. ಸುಳ್ಳು ಹೇಳಲು ಬಾರದೆ “ಇಲ್ಲ ಸಾರ್” ಎಂದು ವಾಪಸ್ಸು ಬಂದ.

ಸಂಜೆಗೆ ಫಲಿತಾಂಶ ಬಂತು. ಹುಡುಗನಿಗೆ ಮೂರರಲ್ಲಿ ಯಾವ ಸ್ಥಾನವೂ ಇಲ್ಲ. ಆದರೆ ಒಂದೇ ಸಲ ಕೇಳಿದ್ದನ್ನು ಅಕ್ಷರ ಬಿಡದೆ ಒಪ್ಪಿಸಿದ ಜ್ಞಾಪಕಶಕ್ತಿಗೆ ಒಂದು ವಿಶೇಷ ಬಹುಮಾನವೆಂದು ಸಾರಿದರು. ಎರಡು ವರ್ಷ ಮರೆತು ಇಳಿದವನಿಗೆ ಜ್ಞಾಪಕಶಕ್ತಿಯ ಬಹುಮಾನ! ಅದನ್ನು ಕೊಟ್ಟವರು ಮುಖ್ಯ ಅತಿಥಿಗಳೇ. ಬಹುಮಾನದ ಸ್ಟೀಲ್ ಲೋಟ ಕೈಗಿಡುತ್ತ ಯಜಮಾನರು ಕಿವಿಯ ಬಳಿ ಬಗ್ಗಿದರು.

“ಎಲ್ಲಿಂದ ಬಂತೋ ಗೊತ್ತಾಗ್ಲಿಲ್ಲ ಕಣೋ. ಅರ್ಧ ಆದ್ಮೇಲೆ ನಿಂದು ಅಂತ ಹೊಳೀತು. ಅಷ್ಟೊತ್ತಿಗೆ ಚಪ್ಪಾಳೆ ಬಿದ್ದಿತ್ತು. ಹೇಗಪ್ಪಾ ಇಳೀಲಿ?”

ಅವರ ಕಣ್ಣು ತುಂಬಿತ್ತು. ಹುಡುಗನಿಗೆ ಅವರ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ. ವೇದಿಕೆ ಇಳಿದರೆ ಯಾರೂ ‘ನಮಸ್ಕಾರ’ ಎನ್ನಲಿಲ್ಲ. ಒಂದು ಗಳಿಗೆ ಅವನ ಎದೆ ಹಗುರವಾಯಿತು.

“ಲೋ ಕಾರ್ಬನ್ ಕಾಪಿ! ಲೋಟ ತೋರ್ಸೋ!” ಎಂದು ಗೆಳೆಯ ಬಾಗಿಲಿನಿಂದ ಕೂಗಿದ. ರಸ್ತೆ ಸೇರುವ ಹೊತ್ತಿಗೆ ಇಡೀ ಕಾಲೇಜು ಅದನ್ನೇ ಕೂಗುತ್ತಿತ್ತು.

ಮನೆಗೆ ಬಂದವನು ಬಚ್ಚಲುಮನೆಗೆ ಹೊಕ್ಕು ಚಿಲಕ ಹಾಕಿಕೊಂಡು, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತ. ಹತ್ತು ನಿಮಿಷ ಪಿಟ್ಟೆನ್ನಲಿಲ್ಲ. ಆಗ ಪೈಪು ಟಣ್ ಟಣ್ ಎಂದಿತು.

“ಅಂಕಲ್, ನಾನು ಮಾತೇ ಆಡ್ತಿಲ್ಲ!”

“ಅದಕ್ಕೇ ಬಡಿದದ್ದು ಕಣೋ!” ಗಾಳಿಗೂಡಿನಿಂದ ಯಜಮಾನರ ದನಿ ಬಂತು. “ನಿಮ್ಮ ಕಾಲೇಜು ಹುಡುಗ್ರು ನನ್ನ ಭಾಷಣದ ವಿಡಿಯೋ ಎಲ್ಲರಿಗೂ ಕಳ್ಸಿದಾರೆ. ಅದನ್ನ ನೋಡಿ ಮುಂದಿನ ಭಾನುವಾರ ವರ್ತಕರ ಸಂಘದೋರು ಮುಖ್ಯ ಅತಿಥಿಯಾಗಿ ಕರೆದಿದಾರೆ. ‘ಶಿಸ್ತು’ ಅಂತೆ ವಿಷಯ. ನನ್ನ ಹೆಂಡ್ತಿ ಫೋನಲ್ಲಿ ಆ ವಿಡಿಯೋ ನೋಡಿ, ಮೂವತ್ತು ವರ್ಷದಲ್ಲಿ ಮೊದಲನೇ ಸಲ ನನ್ನ ಮಾತು ಪೂರ್ತಿ ಕೇಳಿದಾಳಪ್ಪ! ಇಲ್ಲ ಅನ್ಬೇಡ. ನೀನೇನೂ ಮಾಡೋದು ಬೇಡ, ಒಂದು ಬರಿ, ನಾಳೆಯಿಂದ ಆರಕ್ಕೆ ಎದ್ದು ಎಂದಿನ ಹಾಗೆ ಓದು. ಸ್ವಲ್ಪ ಜೋರಾಗಿ ಓದು, ನನ್ನ ಎಡಗಿವಿ ಮಂದ.”

ಹುಡುಗ ತಲೆಯ ಮೇಲೆ ಕೈ ಹೊತ್ತ.

“ಮತ್ತೆ ಆ ‘ಅಮ್ಮಾ, ಬಂದೆ ಇರು’ ಇದ್ಯಲ್ಲ, ಅದನ್ನ ಮಾತ್ರ ಬಿಡ್ಬೇಡ. ಚಪ್ಪಾಳೆ ಜಾಸ್ತಿ ಬಿದ್ದಿದ್ದೇ ಅದಕ್ಕೆ.”

ಬಾಗಿಲು ದಡದಡ ಬಡಿದ ಸದ್ದಾಯಿತು. ಅಮ್ಮ ಪಾಳಿ ಮುಗಿಸಿ ಬಂದಿದ್ದಳು. “ಲೋ, ಒಳಗೇ ಮನೆ ಮಾಡ್ಕೊಂಡ್ಯೇನೋ?”

“ಅಮ್ಮಾ, ಬಂದೆ ಇರು!” ಎಂದ ಹುಡುಗ ಸಾಕಾಗಿ.

“ಅಮ್ಮಾ, ಬಂದೆ ಇರು!” ಎಂದಿತು ಕೆಳಗಿನಿಂದ ಗಂಭೀರವಾದ ಒಂದು ಗಂಟಲು. ಆಗಲೇ ಅಭ್ಯಾಸ ಶುರುವಾಗಿತ್ತು.